ಒಂಬತ್ತನೆಯ ಸಂಧಿಯ ಗೊರಗೊರ

ಅಣ್ಣ ಎಂದೂ ಹಾಡಿರದ ಪದ್ಯವೊಂದನ್ನು ನಾನು ಅಣ್ಣನ ದನಿಯಲ್ಲೇ ಕೇಳಿದೆ. ಅಣ್ಣ ಎಂದರೆ ನಮ್ಮ ತಂದೆ, ಗಮಕಿ ಕೇಶವಯ್ಯನವರು. ನಮ್ಮ ಮನೆಯಲ್ಲಿ ತಂದೆಯನ್ನು ಕರೆಯುವುದೇ ಹಾಗೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಆದ್ದರಿಂದ ಮೇಲಿನ ಮಾತಿನಲ್ಲಿ ಎಲ್ಲೋ ಒಂದು ಕಡೆ ತಪ್ಪಿರಬೇಕು. ಎಲ್ಲಿ ಎನ್ನುವುದು ನನಗೆ ಬೇಗ ತಿಳಿಯಲಿಲ್ಲ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಲೋಕವೆಲ್ಲ ಕಿವಿಯಿಂದಲೇ ಒಳಗೆ ಬಂತು, ಅದರಲ್ಲಿ ಹೆಚ್ಚಿನದು ಷಟ್ಪದಿಯಲ್ಲೇ ಬಂತು. ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲಿ ಅಣ್ಣ ಸಾಯಂಕಾಲ ಕೂತು ವಾಚನ ಮಾಡುತ್ತಿದ್ದರು. ಅವರು ಹೆಚ್ಚಾಗಿ ಹಾಡುತ್ತಿದ್ದದ್ದು ದೀಪಮಲ್ಲನ ಕಥೆ. ಅದು ಎಲ್ಲೂ ಅಚ್ಚಾದದ್ದಲ್ಲ. ನಮ್ಮ ಮನೆತನದಲ್ಲಿ ಬಾಯಿಂದ ಕಿವಿಗೆ ಇಳಿದು ಬಂದ ಕಾವ್ಯ. ಹೊಳೆಯ ದಂಡೆಯ ಕೋಟೆಯ ತುದಿಯಲ್ಲಿ ದೀಪಮಲ್ಲನೆಂಬ ಹುಡುಗ ರಾತ್ರಿಯಿಡೀ ದೋಣಿಗಳಿಗೆ ದೀಪ ಹಿಡಿಯುತ್ತಾನೆ. ಒಂಬತ್ತನೆಯ ಸಂಧಿಯಲ್ಲಿ ಬಿರುಗಾಳಿ ಏಳುತ್ತದೆ. ಹತ್ತನೆಯದರಲ್ಲಿ ಅವನ ತಾಯಿ ದೀಪ ಹೊತ್ತು ಕೋಟೆ ಹತ್ತುತ್ತಾಳೆ. ನಡುವೆ ಹುಡುಗನಿಗೆ ಏನಾಯಿತೆಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದಂತೆ ಸುಮ್ಮನಿರುತ್ತಿದ್ದರು. ಒಂಬತ್ತನೆಯ ಸಂಧಿಯನ್ನು ಮನೆಯೊಳಗೆ ಪೂರ್ತಿ ಹಾಡಬಾರದೆಂಬುದು ನಮ್ಮವರ ನೇಮ. ಹೊಳೆಯ ಮಂಟಪದಲ್ಲಿ ಹಾಡುವ ಹೊತ್ತಿಗೆ ನಾನು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದೆ. ದೊಡ್ಡವಳಾದ ಮೇಲೆ ಅಣ್ಣ ಎಂಟು ಸಂಧಿಗಳನ್ನು ನನಗೆ ಬಾಯಿಪಾಠ ಮಾಡಿಸಿದರು. ಒಂಬತ್ತನೆಯದನ್ನು "ಮುಂದಿನ ವರ್ಷ ಮಂಟಪದಲ್ಲಿ ಕೂತು ಕಲಿಯೋಣ" ಎನ್ನುತ್ತಲೇ ಇದ್ದರು. ಆ ವರ್ಷ ಬರಲಿಲ್ಲ.

ಉಳಿದದ್ದು ಒಂದು ಕ್ಯಾಸೆಟ್ಟು. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯವರು ಟೇಪ್ ರೆಕಾರ್ಡರ್ ತಂದು ನಡುಮನೆಯಲ್ಲಿಟ್ಟು ಕೊನೆಯ ಎರಡು ಸಂಧಿಗಳನ್ನು ಹಾಡಿಸಿಕೊಂಡಿದ್ದರು. ಒಂಬತ್ತನೆಯ ಸಂಧಿಯಲ್ಲಿ ಗಾಳಿ ದೀಪಕ್ಕೆ ಬಡಿಯುವ ಪದ್ಯ ಮುಗಿಯುತ್ತಲೂ ಟೇಪು ಗೊರಗೊರ ಎನ್ನುತ್ತಿತ್ತು. ಯಾವಾಗಲೋ ರೀಲು ಸಿಕ್ಕಿಕೊಂಡು ಸುಕ್ಕುಸುಕ್ಕಾಗಿತ್ತಂತೆ. ಗೊರಗೊರ ಮುಗಿದರೆ ಮಂಗಳದ ಪದ್ಯ.

ಅಶುಭದ ಜಾಗದಲ್ಲಿ ವಾಚನ ನಿಲ್ಲಿಸಬಾರದು ಎಂಬ ಕಟ್ಟುಪಾಡು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊತ್ತಾಯಿತೆಂದು ಯುದ್ಧದ ನಡುವೆಯೋ ಅಳುವಿನ ನಡುವೆಯೋ ಎದ್ದು ಹೋಗುವಂತಿಲ್ಲ. ಒಂದು ಮಂಗಳದ ಪದ್ಯ ಹಾಡಿ, ಕೇಳಿದವರನ್ನು ಒಳ್ಳೆಯ ಜಾಗದಲ್ಲಿ ಕೂರಿಸಿ, ಆಮೇಲೆ ನಿಲ್ಲಿಸಬೇಕು. ನಾನು ಕೇಳುವುದಕ್ಕೂ ಇದನ್ನೇ ಪಾಲಿಸಿಕೊಂಡು ಬಂದೆ. ಯಂತ್ರವಾದರೇನು, ದನಿ ಅಣ್ಣನದು ತಾನೆ. ಅರ್ಧದಲ್ಲಿ ಯಾರಾದರೂ ಕರೆದರೆ ಗುಂಡಿ ಒತ್ತಿ ಮಂಗಳಕ್ಕೆ ಓಡಿಸಿ, ಅದು ಮುಗಿದ ಮೇಲೆಯೇ ಏಳುತ್ತಿದ್ದೆ.

ಗುಂಡಿಗಳಿದ್ದ ಕಾಲದಲ್ಲಿ ಇದು ಸುಲಭವಾಗಿತ್ತು. ಮೊದಲು ಬಂದ ಪುಟ್ಟ ಪ್ಲೇಯರಿನ ಮೇಲೆ ನನ್ನ ತಮ್ಮನ ಹೆಂಡತಿ ಕಾತ್ಯಾಯಿನಿ ತನ್ನ ಕಲ್ಲಿನ ಸ್ಟಿಕ್ಕರ್ ಬೊಟ್ಟನ್ನು ಅಂಟಿಸಿಕೊಟ್ಟಿದ್ದಳು. ಬೊಟ್ಟು ತಾಗಿದರೆ ಹಾಡು, ಬೊಟ್ಟಿನ ಕೆಳಗೆ ನಿಲುಗಡೆ. ಆಮೇಲೆ ಎಲ್ಲವೂ ಗಾಜಾಯಿತು. ಗಾಜಿನ ಮೇಲೆ ಬೆರಳಿಗೆ ದಿಕ್ಕಿಲ್ಲ. ಅಣ್ಣನನ್ನು ಹುಡುಕುತ್ತ ಹೋದರೆ ಯಾರದೋ ಮದುವೆಯ ವಾಲಗ ಸಿಗುತ್ತಿತ್ತು.

ಹಾಗಿರುವಾಗ ಮೈಸೂರಿನ ಒಂದು ಪ್ರಯೋಗಾಲಯದವರು ಕಣ್ಣಿಲ್ಲದವರಿಗೆಂದು 'ಮಾರ್ದನಿ' ಎಂಬ ಹೊಸ ಪ್ಲೇಯರನ್ನು ಪರೀಕ್ಷೆಗೆ ಕೊಟ್ಟರು. ಅಂಗೈಯಲ್ಲಿ ಅಡಗುವ ಡಬ್ಬಿ, ಉಬ್ಬಿದ ಗುಂಡಿಗಳು, ಎರಡು ಕಿವಿಬಿಲ್ಲೆಗಳು. ತಂದುಕೊಟ್ಟವಳು ಅಲ್ಲಿನ ಎಂಜಿನಿಯರ್ ನಸ್ರೀನ್. ಕ್ಯಾಸೆಟ್ಟನ್ನು ಕೊಂಡೊಯ್ದು, ಓಡಿಸಿ, ಅಣ್ಣನ ದನಿಯನ್ನು ಡಬ್ಬಿಗೆ ತುಂಬಿಸಿ, ಕ್ಯಾಸೆಟ್ಟನ್ನು ಹಿಂದಕ್ಕೆ ಕೊಟ್ಟಳು.

"ಅಮ್ಮ, ನಮ್ಮ ಕಿವಿ ಬರೀ ಕೇಳೋದಲ್ಲ, ಸಣ್ಣಗೆ ಸದ್ದೂ ಮಾಡುತ್ತೆ" ಎಂದಳು. "ನಿಮಗೆ ಗೊತ್ತಿರೋ ಪದ್ಯ ಬರುವಾಗ, ಮುಂದಿನ ಅಕ್ಷರ ಬರೋಕೆ ಮುಂಚೇನೇ ಕಿವಿ ಅದಕ್ಕೆ ಜಾಗ ಮಾಡಿಕೊಂಡು ಕಾಯ್ತಿರುತ್ತೆ. ಆ ಸಿದ್ಧತೇನ ಈ ಬಿಲ್ಲೆ ಕೇಳಿಸಿಕೊಳ್ಳುತ್ತೆ. ಹಳೇ ರೆಕಾರ್ಡಿಂಗಲ್ಲಿ ಎಲ್ಲಾದ್ರೂ ಹಾಳಾಗಿದ್ರೆ, ನಿಮ್ಮ ಕಿವಿ ಕಾಯ್ತಿರೋದನ್ನ ಹಾಡಿದವರ ದನಿಯಲ್ಲೇ ತುಂಬಿಸುತ್ತೆ."

"ಅಂದ್ರೆ ನನ್ನ ಕಿವಿಯ ಮಾತು ಕೇಳುತ್ತೆ ಅನ್ನು" ಎಂದೆ.

"ಅದನ್ನ ಯಾರೂ ಕೇಳಲ್ಲ ಅಂತ ಅಕ್ಕ ದಿನಾ ಗೊಣಗ್ತಾರೆ. ಇದಾದ್ರೂ ಕೇಳಲಿ ಬಿಡಿ" ಎಂದು ಕಾತ್ಯಾಯಿನಿ ಒಳಗಿನಿಂದ ಸೇರಿಸಿದಳು.

ಮೊದಮೊದಲು ಗೊರಗೊರ ಇದ್ದಲ್ಲಿಯೇ ಇತ್ತು. ನಾನು ಎಂದಿನಂತೆ ಅಲ್ಲಿಗೆ ಬಂದ ಕೂಡಲೇ ಮಂಗಳಕ್ಕೆ ಓಡಿಸುತ್ತಿದ್ದೆ. ಬೇಸಿಗೆ ಬಂದು ಕಾತ್ಯಾಯಿನಿ ಮಹಡಿಯ ಮೇಲೆ ಸಂಡಿಗೆ ಹಾಕಿದಳು. ಕಾಗೆ ಕಾಯುವ ಕೆಲಸ ಪ್ರತಿವರ್ಷ ನನ್ನದೇ. ಕೋಲು ಹಿಡಿದು, ನೆರಳಲ್ಲಿ ಕೂತು, ಕಿವಿಬಿಲ್ಲೆ ಹಾಕಿಕೊಂಡು ಕೇಳುತ್ತಿದ್ದೆ. ಈ ಸಲ ಕಾಗೆಗೆಂದು ತಂತಿಯಿಂದ ತಂತಿಗೆ ಅವಳು ಏನೋ ಕಟ್ಟಿದ್ದಳು. ಗಾಳಿ ಬಂದಾಗಲೆಲ್ಲ ತಲೆಯ ಮೇಲೆ ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ಆ ಗುಂಯ್‌ಗುಡುವಿಕೆಯ ಅಡಿಯಲ್ಲಿ ಒಂದು ಮಧ್ಯಾಹ್ನ, ಗೊರಗೊರ ಇರಬೇಕಾದ ಜಾಗದಲ್ಲಿ ಅಣ್ಣ ಹಾಡಿದರು. ಆರು ಸಾಲಿನ ತುಂಬು ಪದ್ಯ. ಗಾಳಿ ಇಳಿಯಿತು, ದೀಪಮಲ್ಲ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದು ತಾಯಿಯ ಕಾಲಿಗೆರಗಿದ.

ನನ್ನ ಕೈಯಲ್ಲಿದ್ದ ಕೋಲು ಬಿತ್ತು. ಕಾಗೆಗಳು ಬಂದು ಎಷ್ಟು ಸಂಡಿಗೆ ತಿಂದವೋ ನಾನರಿಯೆ. ಡಬ್ಬಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ. ಹುಡುಗ ಬದುಕಿದ್ದಾನೆ, ಮನೆಯವರೆಲ್ಲ ಸುಮ್ಮನಿದ್ದದ್ದಕ್ಕೆ ನಾನೇ ತಪ್ಪು ಅರ್ಥ ಹಚ್ಚಿಕೊಂಡಿದ್ದೆ ಎನ್ನಿಸಿತು.

ಈ ಸಂತೋಷಕ್ಕೆ ಇನ್ನೊಂದು ಕಾರಣವೂ ಇತ್ತು. ರಾಮನವಮಿಯ ವಾಚನದಲ್ಲಿ ಈ ಸಲ ಇಡೀ ಕಾವ್ಯವನ್ನು ನಾನೇ ಹಾಡುವುದೆಂದು ಗೊತ್ತಾಗಿತ್ತು. ಶಾಲೆಯ ಇಬ್ಬರು ಟೀಚರುಗಳು ನನ್ನಿಂದ ಕಲಿಯುತ್ತಿದ್ದರು. ಬೇರೆ ಬಾಯಿಗಳೆಲ್ಲ ಮುಗಿದುಹೋಗಿದ್ದವು. ನಾನು ಏನು ಹಾಡುತ್ತೇನೋ ಅದೇ ಇನ್ನು ಮುಂದೆ ದೀಪಮಲ್ಲನ ಕಥೆ. ನಾನು ಅವನನ್ನು ಕೊಂದರೆ ಅವನು ಸತ್ತ, ಉಳಿಸಿದರೆ ಉಳಿದ. ಅಂಥದರಲ್ಲಿ ಅಣ್ಣನೇ ಬಂದು ದಾರಿ ತೋರಿಸಿದಂತಾಯಿತು.

ಆ ಸಂಜೆ ಬಿಲ್ಲೆ ನನ್ನ ಕಿವಿಯಲ್ಲಿದ್ದ ಹಾಗೆಯೇ ಸ್ಪೀಕರಿಗೂ ಹಾಕಿ ಎರಡೂ ಸಂಧಿಗಳನ್ನು ಕಾತ್ಯಾಯಿನಿಗೆ ಕೇಳಿಸಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಹತ್ತನೆಯದರ ನಡುವೆ ಬಟ್ಟೆ ಕೊಡವುವ ಸದ್ದು ನಿಂತಿತು.

"ಅಕ್ಕ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಗ ಚೆನ್ನಾಗಿ ಇಳಿದು ಬಂದ್ನಲ್ಲ, ಮತ್ತೆ ಆ ಹೆಂಗಸು ಯಾಕೆ ಅಳ್ತಾ ಅಳ್ತಾ ದೀಪ ಹೊತ್ಕೊಂಡು ಹತ್ತುತಾಳೆ?"

"ಮಗನಿಗೆ ಸುಸ್ತಾಗಿರಬಹುದು."

"ಸುಸ್ತಾಗಿದ್ರೆ ಅನ್ನ ಹಾಕಿ ಮಲಗಿಸ್ತಾಳೆ. ಅಳ್ತಾಳಾ?"

ಇನ್ನೊಂದು ವಿಷಯ ಅಷ್ಟರಲ್ಲಿ ಕಿವಿಯಲ್ಲಿ ಚುಚ್ಚತೊಡಗಿತ್ತು. ಆ ಪದ್ಯ ಮಧ್ಯಮಾವತಿಯಲ್ಲಿತ್ತು. ಮಧ್ಯಮಾವತಿ ಮುಗಿಸುವ ರಾಗ, ಮಂಗಳದ ರಾಗ. ಸಂಧಿಯ ನಡುವೆ ಬಿರುಗಾಳಿಯಲ್ಲಿ ಅದನ್ನು ಹಿಡಿಯುವವರಲ್ಲ ಅಣ್ಣ. ಮತ್ತೆ ಹಾಕಿ, ಬಿಲ್ಲೆಯಲ್ಲಿ ಒಬ್ಬಳೇ ಕೇಳಿದೆ. ಈಗ ದೀಪಮಲ್ಲ ಮೆಟ್ಟಿಲಿಳಿದು ಬರಲಿಲ್ಲ, ಹಗ್ಗ ಹಿಡಿದು ಇಳಿದು ಬಂದ. ಅದೇ ದನಿ, ಅದೇ ಉಸಿರು, ಸಾಲಿನ ಕೊನೆಯಲ್ಲಿ ಅಣ್ಣ ಎಳೆಯುತ್ತಿದ್ದ ಅದೇ ಎಳೆತ. ಗುಂಡಿಯ ಮೇಲಿನ ಬೆರಳು ಎತ್ತಲೂ ಇಲ್ಲ, ಒತ್ತಲೂ ಇಲ್ಲ.

ಮಾರನೆಯ ದಿನ ಕಾತ್ಯಾಯಿನಿಯ ತೋಳು ಹಿಡಿದು ಮೈಸೂರಿಗೆ ಹೋದೆ.

ಪ್ರಯೋಗಾಲಯದಲ್ಲಿ ಸದ್ದಡಗಿಸುವ ಕೋಣೆಯೊಂದಿದೆ. ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ಒಳಗೆ ಹೋದ ಕೂಡಲೇ ನನಗೆ ಗೋಡೆಗಳೇ ಇಲ್ಲವಾದವು. ಆಡಿದ ಮಾತು ಎಲ್ಲಿಗೂ ತಾಗದೆ ತುಟಿಯ ಬುಡದಲ್ಲೇ ಬಿದ್ದುಹೋಯಿತು. ಜನ ಕತ್ತಲೆ ಕತ್ತಲೆ ಎನ್ನುವುದು ಇದನ್ನೇ ಇರಬೇಕು ಎಂದುಕೊಂಡೆ. ನಸ್ರೀನಳ ಬಳೆಯ ಸದ್ದನ್ನು ಹಿಡಿದು ಕುರ್ಚಿಗೆ ಹೋಗಿ ಕೂತೆ.

ಅವಳು ನನ್ನ ಕಿವಿಗೆ ಬಿಲ್ಲೆ ಹಾಕಿ ಒಂಬತ್ತನೆಯ ಸಂಧಿಯನ್ನು ಓಡಿಸಿದಳು. ಈ ಸಲ ಹುಡುಗನನ್ನು ದೋಣಿಯವರು ಎತ್ತಿ ತಂದರು. ನಾನು ಒಂದೊಂದು ಸಾಲನ್ನೂ ಬಾಯಿಬಿಟ್ಟು ಹೇಳಿದೆ. ಆಮೇಲೆ ಅವಳು ತನ್ನ ಕಿವಿಗೆ ಹಾಕಿಕೊಂಡಳು.

"ಏನಮ್ಮ, ಏನು ಕೇಳಿಸ್ತು?"

"ನಿಮ್ಮ ತಂದೆ ದನಿ ಇದೆ ಅಮ್ಮ. ಪದ ಇಲ್ಲ. ಬರೀ ಆಕಾರ, ಆ... ಅಂತ ಎಳೀತಾ ಇದೆ, ದಾರಿ ಗೊತ್ತಿಲ್ಲದವರ ಹಾಗೆ. ನನಗೆ ಕಥೆ ಗೊತ್ತಿಲ್ವಲ್ಲ. ನನ್ನ ಕಿವಿ ಏನನ್ನೂ ಕಾಯ್ತಾ ಇಲ್ಲ."

"ಹಾಗಾದ್ರೆ ಆ ಪದ್ಯ?"

"ನಿಮ್ಮದು."

"ನಾನು ಜನ್ಮದಲ್ಲಿ ಒಂದು ಸಾಲು ಕಟ್ಟಿದವಳಲ್ಲ."

"ಕಟ್ಟಿದ್ದು ಯಂತ್ರ. ದಿಕ್ಕು ನಿಮ್ಮದು." ಅವಳು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು. "ಒಂದು ವಿಷಯ ಹೇಳಿ ಅಮ್ಮ. ಆ ಗೊರಗೊರ ಜಾಗಕ್ಕೆ ಬಂದಾಗಲೆಲ್ಲ ನೀವೇನು ಮಾಡ್ತಿದ್ರಿ?"

"ಮಂಗಳಕ್ಕೆ ಓಡಿಸ್ತಿದ್ದೆ."

"ಯಾವಾಗಲೂ?"

"ಅಲ್ಲಿ ನಿಲ್ಲಿಸಬಾರದಲ್ಲಮ್ಮ."

ಅವಳು ಅದೇಕೆಂದು ಕೇಳಿದಳು, ನಾನು ಹೇಳಿದೆ. ಕೇಳಿ ಮುಗಿಸಿ ಮೆಲ್ಲಗೆ ಹಣೆ ಬಡಿದುಕೊಂಡಳು. ಸದ್ದಡಗಿದ ಆ ಕೋಣೆಯಲ್ಲೂ ಆ ಸದ್ದು ಕೇಳಿಸಿತು.

"ಕೇಳುಗರು ಗುಂಡಿ ಒತ್ತಿ ಎಲ್ಲಿಗೆ ಹೋಗ್ತಾರೋ ಅದು ಅವರಿಗೆ ಇಷ್ಟ ಅಂತ ಲೆಕ್ಕ ಹಿಡೀಬೇಕು ಅಂತ ನಾವೇ ಅದಕ್ಕೆ ಕಲಿಸಿದ್ದು. ಇಲ್ಲಿ ಬಂದ ತಕ್ಷಣ ಇವರಿಗೆ ಮಂಗಳ ಬೇಕು ಅಂತ ಅದು ತಿಳ್ಕೊಂಡಿದೆ. ಅದಕ್ಕೇ ಮಂಗಳದ ರಾಗದಲ್ಲಿ ಹುಡುಗನ್ನ ಬದುಕಿಸ್ತಾ ಇದೆ. ನನಗೆ ಹೊಳೀಬೇಕಿತ್ತು. ನಮ್ಮ ಅಜ್ಜಿ ಧರ್ಮಗ್ರಂಥ ಓದೋವಾಗ ಒಂದು ಅಕ್ಷರ ಜಾರಿದ್ರೂ ಪಕ್ಕದಲ್ಲಿ ಕೂತವರು ತಿದ್ದೋರು. ಸುಮ್ಮನೆ ಚೆನ್ನಾಗಿದೆ ಅಂತ ಯಾರೂ ಬಿಡ್ತಿರಲಿಲ್ಲ."

ನನ್ನ ಗೊಂದಲ ಇದರಿಂದ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಪದ್ಯ ಅಣ್ಣನದಲ್ಲ ಎಂದರೆ ಒಪ್ಪಬಹುದು. ಆದರೆ ನನ್ನ ಕಿವಿಗೆ ಆ ದಿಕ್ಕು ಎಲ್ಲಿಂದ ಬಂತು? ಬರೀ ಗುಂಡಿಯಿಂದಲೇ? ಮಂಟಪದಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿದ್ದವಳು ನಿದ್ದೆಯಲ್ಲೂ ಕೇಳಿಸಿಕೊಂಡಿದ್ದರೆ? ಮನಸ್ಸಿಗೆ ನೆನಪಿಲ್ಲದ್ದು ಕಿವಿಗೆ ನೆನಪಿದ್ದರೆ?

ನಸ್ರೀನಳನ್ನು ಕೇಳಿದೆ. "ಇರಬಹುದು" ಎಂದಳು. "ಇಲ್ಲದೇನೂ ಇರಬಹುದು. ಎರಡಕ್ಕೂ ಕಿವಿ ಮಾಡೋ ಸದ್ದು ಒಂದೇ ಅಮ್ಮ. ಬೇರೆ ಮಾಡೋ ಯಂತ್ರ ನನ್ನ ಹತ್ರ ಇಲ್ಲ" ಎಂದಳು. ಆಮೇಲೆ ಅವಳಿಗೆ ಏನೋ ಹೊಳೆದು ದನಿ ಚುರುಕಾಯಿತು. "ಆದ್ರೆ ಒಂದು ದಾರಿ ಇದೆ. ಮೊದಲು ನಾವು ಕ್ಯಾಸೆಟ್ಟನ್ನ ಹಾಗೇ ಓಡಿಸಿದ್ವಿ, ಅದಕ್ಕೇ ಗೊರಗೊರ ಬಂತು. ರೀಲನ್ನೇ ಹೊರಗೆ ತೆಗೆದು, ಸುಕ್ಕು ಬಿಡಿಸಿ, ನಿಧಾನವಾಗಿ ಓದಿಸಿದ್ರೆ ಅಡಿಯಲ್ಲಿ ಇರೋದು ಸಿಗಬಹುದು. ಕ್ಯಾಸೆಟ್ ಮನೇಲಿದೆ ತಾನೆ?"

ನಾನು ಕಾತ್ಯಾಯಿನಿಯ ಕಡೆ ತಿರುಗಿದೆ.

"ಕಾತೂ?"

"ಡಬ್ಬಿಗೆ ತುಂಬಿಸಿ ಆಯ್ತಲ್ಲ, ಇನ್ನೇನು ಅಂತ..." ಎಂದಳು. "ಅಕ್ಕ, ಕಾಗೆಗೆ ಕಟ್ಟಿದೀನಲ್ಲ, ಅದೇ ಆ ರೀಲು."

ನನಗೆ ಅಳು ಬರಬೇಕಿತ್ತು, ನಗು ಬಂತು. ಕಿವಿಯಲ್ಲಿ ಯಂತ್ರದ ಅಣ್ಣನನ್ನು ಕೇಳುತ್ತ ಕೂತಿದ್ದಾಗ ನಿಜವಾದ ಅಣ್ಣ ತಲೆಯ ಮೇಲೆ ಗಾಳಿಯಲ್ಲಿ ಗುಂಯ್ ಎನ್ನುತ್ತಿದ್ದರು.

ಊರಿಗೆ ಬಂದು ಮೂವರೂ ಮಹಡಿ ಹತ್ತಿದೆವು. ನಸ್ರೀನ್ ತಾನೂ ಬಂದಿದ್ದಳು. ಕಾತ್ಯಾಯಿನಿ ಗಂಟು ಬಿಚ್ಚಿಕೊಟ್ಟಳು. ರೀಲು ಬಿಸಿಲಿಗೆ ಕಾದು ಒಣಗಿದ ಬಾಳೆನಾರಿನ ಹಾಗಿತ್ತು, ಅಲ್ಲಲ್ಲಿ ಹರಿದಿತ್ತು. ಹೊಳಪಿನ ಮೈ, ಮಾಸಲು ಮೈ ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಮಗುಚಿಕೊಳ್ಳದಂತೆ ನಾನು ದಾರ ಮುಗಿದ ಖಾಲಿ ಉರುಳೆಗಳಿಗೆ ಸುತ್ತುತ್ತ ಹೋದೆ. ಒಂದು ತುಂಡು ಬೆರಳಿಗೆ ಏಣುಏಣಾಗಿ ಸಿಕ್ಕಿತು, ಸೀರೆಯ ನೆರಿಗೆಯ ಹಾಗೆ.

"ಇದೇ" ಎಂದೆ.

"ಇನ್ನು ಸಂಡಿಗೆಗೆ ಏನು ಕಟ್ಟಲಿ?" ಎಂದಳು ಕಾತ್ಯಾಯಿನಿ, ಮಾತು ಬೇರೆಡೆಗೆ ತಿರುಗಿಸಲು.

"ನಿನ್ನ ಗಂಡನ್ನ ಕಟ್ಟು" ಎಂದೆ. ಅವಳು ಮೂಗು ಸೇದಿಕೊಂಡು ನಕ್ಕಳು. ಆಗಲೇ ನನಗೆ ಗೊತ್ತಾದದ್ದು, ಅವಳು ಅಳುತ್ತಿದ್ದಳೆಂದು.

ನಸ್ರೀನ್ ಆ ತುಂಡನ್ನು ಸವರಿ, ಚಪ್ಪಟೆ ಮಾಡಿ, ಎಳೆಎಳೆಯಾಗಿ ಓದಿಸಿದಳು. ರಾಮನವಮಿ ಹತ್ತಿರ ಬಂದಿತ್ತು. ಟೀಚರುಗಳು "ಒಂಬತ್ತನೇದು ಯಾವಾಗಮ್ಮ?" ಎಂದು ಕೇಳುತ್ತಲೇ ಇದ್ದರು. ನಾನು ಮಾರ್ದನಿಯನ್ನು ಮುಟ್ಟಿರಲಿಲ್ಲ. ಮುಟ್ಟದಿದ್ದರೂ ಆ ಪದ್ಯಗಳು ತಾವಾಗಿಯೇ ಬಾಯಿಗೆ ಬರುತ್ತಿದ್ದವು, ಚೆನ್ನಾಗಿಯೂ ಇದ್ದವು. ದೇವರ ಮುಂದೆ ಕೂತು, ಇದು ನಿನ್ನ ಪ್ರಸಾದವೋ ಯಂತ್ರದ ಚೇಷ್ಟೆಯೋ ಎಂದು ಕೇಳಿದೆ. ದೇವರು ಎಂದಿನಂತೆ ಕೇಳುಗನಾಗಿಯೇ ಉಳಿದ.

ಮತ್ತೆ ಆ ಗೋಡೆಯಿಲ್ಲದ ಕೋಣೆ. ನಸ್ರೀನ್ ಈ ಸಲ ಬಿಲ್ಲೆ ಕೊಡಲಿಲ್ಲ, ಸಾಧಾರಣ ಸ್ಪೀಕರ್ ಇಟ್ಟಳು. "ಇದರಲ್ಲಿ ಯಾರೂ ಏನೂ ತುಂಬಿಲ್ಲ ಅಮ್ಮ. ಹೇಗಿತ್ತೋ ಹಾಗೆ" ಎಂದಳು.

ಮಳೆ ಸುರಿದಂಥ ಸದ್ದು. ಅದರೊಳಗೆ ದೂರದಲ್ಲಿ ಅಣ್ಣ, ಅಳುವಿನ ರಾಗವಾದ ನಾದನಾಮಕ್ರಿಯೆಯಲ್ಲಿ. ಗಾಳಿ ದೀಪಕ್ಕೆ ಬಡಿಯುವ ಪದ್ಯದ ಕೊನೆಯ ಸಾಲು, ಆ ಎಳೆತ. ಎಳೆತ ನಿಂತಿತು. ಮುಂದಿನ ಪದ್ಯ ಬರಲಿಲ್ಲ. ಅಣ್ಣ ಕೆಮ್ಮಿದರು. ಆಮೇಲೆ ಹಾಡದ ದನಿ, ಪಿಸುಮಾತು.

"ಮಗು ಎದ್ದಿದೆಯೇನೇ?"

ಒಂದು ಹೆಂಗಸಿನ ದನಿ ಉತ್ತರ ಕೊಟ್ಟಿತು. "ಹೂಂ, ಎದ್ದು ಕೂತಿದಾಳೆ. ಕಿವಿ ಕೊಟ್ಟು ಕೇಳ್ತಿದಾಳೆ ನೋಡಿ, ಹುಡುಗ ಬರ್ತಾನೆ ಅಂತ. ಇವತ್ತಿಗೆ ಸಾಕು, ಮಂಗಳ ಹಾಡಿಬಿಡಿ."

ಆಮೇಲೆ ಮೌನ. ಮಳೆಯಂಥ ಸದ್ದು ಮಾತ್ರ. ಅಣ್ಣ ಶ್ರುತಿ ಹಿಡಿದು ಮಧ್ಯಮಾವತಿಗೆ ಬಂದರು.

ನಸ್ರೀನ್ ನಿಲ್ಲಿಸಲು ಹೋದಳು. "ಮಂಗಳ ಮುಗೀಲಿ" ಎಂದೆ. ಮುಗಿಯಿತು.

"ಆ ಹೆಂಗಸು ಯಾರಮ್ಮ?"

"ನಮ್ಮಮ್ಮ."

ಅಮ್ಮನ ದನಿ ಎಲ್ಲಿಯೂ ಉಳಿದಿಲ್ಲವೆಂದು ನಾನು ತಿಳಿದಿದ್ದೆ. ಉಳಿದಿತ್ತು, ಸುಕ್ಕಿನಲ್ಲಿ ಗೊರಗೊರವಾಗಿ ಉಳಿದಿತ್ತು. ಅದು ಬಂದಾಗಲೆಲ್ಲ ನಾನು ಗುಂಡಿ ಒತ್ತಿ ಓಡಿಸುತ್ತಿದ್ದೆ. ಮಾರ್ದನಿ ಅದರ ಮೇಲೆ ಒಳ್ಳೊಳ್ಳೆಯ ಪದ್ಯ ಹೊದಿಸುತ್ತಿತ್ತು. ಮಗು ನಾನೇ, ಎದ್ದು ಕೂತಿದ್ದವಳು ನಾನೇ. ಆ ಮಧ್ಯಾಹ್ನವೋ ಸಂಜೆಯೋ ನನಗೆ ಒಂದಿಷ್ಟೂ ನೆನಪಿಲ್ಲ.

"ಅಂದ್ರೆ ಟೇಪಲ್ಲಿ ಆ ಪದ್ಯ ಮೊದಲಿನಿಂದಲೂ ಇರಲಿಲ್ಲ" ಎಂದಳು ನಸ್ರೀನ್, ತನಗೆ ತಾನೇ ಹೇಳಿಕೊಳ್ಳುವಂತೆ. "ನಾವು ಹಾಳಾಗಿದೆ ಅಂತ ತುಂಬಿಸ್ತಾ ಇದ್ದ ಜಾಗ ಖಾಲಿ ಜಾಗ."

"ಖಾಲಿ ಅಲ್ಲಮ್ಮ" ಎಂದೆ.

ರಾಮನವಮಿಯ ಪೆಂಡಾಲಿನಲ್ಲಿ ಒಂಬತ್ತನೆಯ ಸಂಧಿಯ ಸಂಜೆ ಜನ ಚೆನ್ನಾಗಿ ಸೇರಿದ್ದರು. ಪಾನಕದ ಏಲಕ್ಕಿಯ ವಾಸನೆ, ದೊನ್ನೆಗಳ ಸರಬರ. ಎದುರಿನ ಸಾಲಿನಲ್ಲೇ ಮಕ್ಕಳು ಕೋಸಂಬರಿ ಮೆಲ್ಲುತ್ತಿದ್ದರು. ನನ್ನ ಎರಡೂ ಪಕ್ಕದಲ್ಲಿ ಟೀಚರುಗಳು ಕೂತಿದ್ದರು. ಬಂದು ಕೂರುವವರೆಗೂ ನಾನು ಏನು ಹಾಡುವುದೆಂದು ನಿಶ್ಚಯಿಸಿರಲಿಲ್ಲ. ಮೆಟ್ಟಿಲು, ಹಗ್ಗ, ದೋಣಿ, ಮೂರು ಪದ್ಯಗಳೂ ನಾಲಗೆಯ ಮೇಲೆ ಸಿದ್ಧವಾಗಿದ್ದವು. ಯಾವುದನ್ನು ಹಾಡಿದರೂ ಜನ ತಲೆದೂಗುತ್ತಿದ್ದರು.

ಗಾಳಿ ದೀಪಕ್ಕೆ ಬಡಿಯಿತು. ಕೊನೆಯ ಸಾಲನ್ನು ಎಳೆದೆ. ಎಳೆತ ಮುಗಿಯುತ್ತಲೂ ಕೋಸಂಬರಿ ಮೆಲ್ಲುವ ಸದ್ದು ಒಮ್ಮೆಗೇ ನಿಂತುಹೋಯಿತು. ಅಷ್ಟೂ ಮಕ್ಕಳು ಎದ್ದು ಕೂತು ಕಾಯುತ್ತಿರುವುದು ನನಗೆ ಕೇಳಿಸಿತು. ನಾನೂ ನಿಲ್ಲಿಸಿ ಒಮ್ಮೆ ಕೆಮ್ಮಿದೆ. ಅಣ್ಣ ನಿಲ್ಲಿಸಿದ್ದಷ್ಟು ಹೊತ್ತು ನಿಲ್ಲಿಸಿದೆ. ಆಮೇಲೆ ಮಧ್ಯಮಾವತಿ ಹಿಡಿದು ಮಂಗಳ ಹಾಡಿದೆ.

ಮಾರನೆಯ ಸಂಜೆ ತಾಯಿ ದೀಪ ಹೊತ್ತು ಹತ್ತುವ ಪದ್ಯದಿಂದ ಶುರುಮಾಡಿದೆ. ನಡುವೆ ಏನಾಯಿತೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದಂತೆ ಸುಮ್ಮನಿದ್ದರು.

ಕಾತ್ಯಾಯಿನಿ ಮಾತ್ರ ಬಿಡಲಿಲ್ಲ. ಮನೆಗೆ ಬಂದು ಕಾಲು ತೊಳೆಯಲು ನೀರು ಕೊಡುತ್ತ ಕೇಳಿದಳು. "ಅಕ್ಕ, ಅವರಿಗೆಲ್ಲ ಬೇಡ, ನನಗೆ ಹೇಳಿ. ಹುಡುಗ ಬಂದ್ನಾ, ಇಲ್ವಾ?"

"ಗೊತ್ತಿಲ್ಲ ಕಣೆ."

"ಗೊತ್ತಿಲ್ದೆ ಅದು ಹೇಗೆ ಹಾಡಿದ್ರಿ?"

"ಅಣ್ಣ ಹಾಡಿದಷ್ಟು ಹಾಡಿದೆ."

"ಆ ಟೀಚರುಗಳೂ ಹಾಗೇ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡ್ತಿದಾರೆ, ಕೇಳಿದ್ರಾ? ಒಬ್ಬಳಂತೂ ಕೆಮ್ಮೋದನ್ನೂ ಕಲಿತಿದಾಳೆ."

ಗೊರಗೊರದ ಜಾಗಕ್ಕೆ ಸುಕ್ಕು ಬಿಡಿಸಿದ ತುಂಡನ್ನು ಸೇರಿಸಿ, ಮಾರ್ದನಿ ತಾನಾಗಿ ತುಂಬಿಸುವ ಕೆಲಸವನ್ನು ನಸ್ರೀನ್ ಮುಚ್ಚಿಕೊಟ್ಟಿದ್ದಾಳೆ. ಈಗ ಅದು ಬರೀ ಹಾಡುವ ಡಬ್ಬಿ. ಕಾತ್ಯಾಯಿನಿ ಅದಕ್ಕೂ ಒಂದು ಕಲ್ಲಿನ ಬೊಟ್ಟು ಅಂಟಿಸಿದ್ದಾಳೆ. ಕಾಗೆ ಕಾಯುತ್ತ ಕೂತಾಗ ಒಂಬತ್ತನೆಯ ಸಂಧಿ ಹಾಕಿಕೊಳ್ಳುತ್ತೇನೆ. ಅಣ್ಣ ನಿಲ್ಲಿಸುತ್ತಾರೆ, ಕೆಮ್ಮುತ್ತಾರೆ, ಮಗು ಎದ್ದಿದೆಯೇ ಎಂದು ಕೇಳುತ್ತಾರೆ. ಎದ್ದು ಕೂತಿದ್ದಾಳೆ ಎಂದು ಅಮ್ಮ ಹೇಳುತ್ತಾಳೆ. ಕೆಳಗಿನಿಂದ ಯಾರಾದರೂ ಕರೆದರೂ ನಾನೀಗ ಅಲ್ಲಿಂದ ಮಂಗಳಕ್ಕೆ ಓಡಿಸುವುದಿಲ್ಲ. ಆ ಮೌನದಲ್ಲಿ ನನ್ನ ಕಿವಿ ಇನ್ನೂ ಯಾವುದೋ ಒಂದು ಪದ್ಯಕ್ಕೆ ಜಾಗ ಮಾಡಿಕೊಂಡು ಕಾಯುತ್ತಿರುತ್ತದೆ. ಬೆರಳು ಬೊಟ್ಟಿನ ಮೇಲಿರುತ್ತದೆ, ಒತ್ತುವುದಿಲ್ಲ.